ಚಿಕ್ಕಹನುಮಂತಪ್ಪ ವಿಮಾನ ಹತ್ತಿದ್ದು

ವೇದಿಕೆಯ ಅಧ್ಯಕ್ಷರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಿಂದ ಬಸ್ಸು ಬದಲಿಸಿ ಜಗಳೂರಿಗೆ ಬಂದ ಶಿಕ್ಷಕ ಬಂಧುಗಳೇ, ಆಗಲೇ ನನ್ನ ಫೋಟೋ ತೆಗೆಯುತ್ತಿರುವ ಮಕ್ಕಳೇ, ಸಭಿಕರೇ,

ಮಕ್ಕಳಿಗೆ ಡಿಜಿಟಲ್ ಅರಿವು ಮೂಡಿಸಿದ ಮುಖ್ಯೋಪಾಧ್ಯಾಯ ಎಂದು ಈ ಶಾಲು ಹೊದಿಸಿದ್ದೀರಿ. ಬೆಚ್ಚಗಿದೆ. ಆದರೆ ನಿಜ ಹೇಳಬೇಕಲ್ಲ? ಆ ಕೆಲಸ ಮಾಡಿದ್ದು ನಮ್ಮ ಸಂಧ್ಯಾರಾಣಿ ಮೇಡಂ. ಊಟದ ಬಿಡುವಿನಲ್ಲಿ, ಬೇವಿನ ಮರದ ಕೆಳಗೆ, ದಿನಕ್ಕೆ ಹದಿನೈದೇ ನಿಮಿಷ. ಪುಸ್ತಕವಿಲ್ಲ, ಹಾಜರಿಯಿಲ್ಲ. ಒಂದು ಫೋನು, ಸುತ್ತ ಮಕ್ಕಳು. ಒಮ್ಮೆ, ಸುಳ್ಳು ಫೋಟೋ ಹೇಗೆ ಹುಟ್ಟುತ್ತದೆ ಎಂದು ತೋರಿಸುವ ಆಟ. ಮಕ್ಕಳು ನನ್ನನ್ನೇ ಒಂಟೆಯ ಮೇಲೆ ಕೂರಿಸಿಬಿಟ್ಟರು! ಶಾಲೆಗೆ ಶಾಲೆಯೇ ನಕ್ಕಿತು. ನನಗೆ ಮಾತ್ರ ಸಿಟ್ಟು ಬಂತು. "ಇದೇನ್ ಪಾಠನೇನ್ರೀ ಮೇಡಂ?" ಎಂದು ಆಟ ನಿಲ್ಲಿಸಿದೆ. ಹೌದು, ನಿಲ್ಲಿಸಿದವನು ನಾನೇ.

ಅದಾಗಿ ಹತ್ತು ದಿನಕ್ಕೆ ಕುರಿ ಸಾಕುವ ಚಿಕ್ಕಹನುಮಂತಪ್ಪ ನನ್ನ ಕೋಣೆಗೆ ಬಂದರು. ಮಗಳು ಗಂಗೋತ್ರಿ, ಒಂಬತ್ತನೇ ಕ್ಲಾಸು. ಅವಳು ಯಾರೋ ಹುಡುಗನ ಪಕ್ಕ ನಿಂತ ಫೋಟೋ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. "ಟಿಸಿ ಕೊಡ್ರಿ ಸಾರ್. ಓದಿದ್ದು ಸಾಕು." ನಾನು ವಿಚಾರಿಸಿದೆನೇ? ಇಲ್ಲ. ಫೋಟೋ ನೋಡಿದೆ, ನಂಬಿದೆ, ಸಹಿ ಹಾಕಿದೆ. ಒಂಟೆ ಹತ್ತದೆಯೇ ಒಂಟೆಯ ಮೇಲೆ ಕೂತಿದ್ದವನು ನಾನು, ಸಭಿಕರೇ! ಆದರೂ ನಂಬಿದೆ.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಅಳಲಿಲ್ಲ. ಜೊತೆಗೆ ಬಂದಿದ್ದ ಮೇಡಂ ಹತ್ತಿರ ಫೋನು ಇಸಕೊಂಡು ಅಪ್ಪನ ಫೋಟೋ ತೆಗೆದಳು. ಎರಡು ನಿಮಿಷ. ಕಂಬಳಿ ಹೊದ್ದ ಚಿಕ್ಕಹನುಮಂತಪ್ಪ ವಿಮಾನದ ಮೆಟ್ಟಿಲ ಮೇಲೆ ನಿಂತಿದ್ದರು!

"ನಾನ್ ಯಾವಾಗ್ ಹತ್ತಿದ್ನವ್ವ ಇದನ್ನ?"

"ನಾನೂ ಅಲ್ಲಿ ನಿಂತಿರ್ಲಿಲ್ಲಪ್ಪ."

ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಅಂಥ ಪಾಠ ಕಂಡಿರಲಿಲ್ಲ. ಆ ಅಪ್ಪ ತುಂಬ ಹೊತ್ತು ಫೋನನ್ನೇ ನೋಡಿದರು. ಆಮೇಲೆ ಟಿಸಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು, "ನಡಿಯವ್ವ, ಕ್ಲಾಸಿಗೆ ಹೊತ್ತಾತು" ಎಂದರು. ಬಾಗಿಲಲ್ಲಿ ತಿರುಗಿ ನಿಂತು, "ಆ ಇಮಾನದ್ದು ಅಳಿಸಬ್ಯಾಡ. ನಿಮ್ಮವ್ವಗೆ ತೋರಿಸಾಕೆ ಬೇಕು" ಎಂದರು.

ಮರುದಿನವೇ ಬೇವಿನ ಮರದ ಕೆಳಗೆ ಆಟ ಮತ್ತೆ ಶುರುವಾಯಿತು. ಹಿಂದಿನ ಸಾಲಿನಲ್ಲಿ ನಾನೂ ಕೂತೆ. ಈ ಶಾಲು ಮೇಡಂಗೆ ಸೇರಬೇಕಾದದ್ದು. ಬೇಡ ಅನ್ನಬೇಡಿ ಮೇಡಂ.

ಗಂಗೋತ್ರಿ, ಅಲ್ಲಿ ಮೂರನೇ ಸಾಲಿನಲ್ಲಿ ಅಪ್ಪನ ಪಕ್ಕ ಕೂತಿದ್ದೀಯ. ಅವತ್ತು ಸಹಿ ಹಾಕುವ ಮೊದಲು ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ತಪ್ಪಾಯಿತು ತಾಯಿ. ಕರೆದವರಿಗೂ ಕೂತು ಕೇಳಿದವರಿಗೂ ಧನ್ಯವಾದ. ಸಭೆ ಕ್ಷಮಿಸಬೇಕು, ಇವತ್ತಿನ ಮೊದಲ ನಮಸ್ಕಾರ ಆ ಹುಡುಗಿಗೆ. ಆಮೇಲೆ ನಿಮಗೆಲ್ಲರಿಗೂ, ನಮಸ್ಕಾರ.