ಮಾವನ ಚೀಸ್ ಡಬ್ಬಿ

ಹೇಳಿಕೆ ಕೊಡುತ್ತಿರುವವರು: ಮೃತ ಟೈಲರ್ ಟೇಪಜ್ಜನವರ ಸೊಸೆ. ವಯಸ್ಸು ನಲವತ್ತೊಂದು. ಕಸುಬು: ಕಚೇರಿ ಕ್ಯಾಂಟೀನಿನಲ್ಲಿ ಅಡುಗೆ. ವಾಸ: ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಓಣಿ, ಎರಡನೇ ಮಹಡಿ, ಹಿಂಬದಿಯ ಮನೆ.

ಠಾಣೆಗೆ ಕರೆಸಿ ವಿಚಾರಿಸಿದ ಮೇರೆಗೆ ನಾನು ಈ ಮೂಲಕ ತಿಳಿಸುವುದೇನೆಂದರೆ, ಮೇಲ್ಕಂಡ ಮನೆಯಲ್ಲಿ ನಾನು, ನನ್ನ ಗಂಡ ಮತ್ತು ನನ್ನ ಮಾವ ಮೂವರು ವಾಸವಾಗಿದ್ದೆವು. ಗಂಡ ಸಿಟಿ ಬಸ್ಸಿನ ಡ್ರೈವರ್. ನಮಗೆ ಮಕ್ಕಳಿಲ್ಲ. ಮಾವ ಟೈಲರ್ ಕೆಲಸ ಮಾಡುತ್ತಿದ್ದವರು. ಅಳತೆಯ ಟೇಪು ಕೊರಳಿಗೆ ಹಾಕಿಕೊಳ್ಳದೆ ಹಾಲು ತರಲು ಸಹ ಹೊರಗೆ ಹೋದವರಲ್ಲವಾದ್ದರಿಂದ ಓಣಿಯವರೆಲ್ಲ ಅವರನ್ನು ಟೇಪಜ್ಜ ಎಂದೇ ಕರೆಯುತ್ತಿದ್ದರು. ಗಂಡನ ತಂಗಿ, ಅಂದರೆ ನನ್ನ ನಾದಿನಿ, ಊರಿನ ಆ ತುದಿಯಲ್ಲಿ ತನ್ನ ಗಂಡ ಮತ್ತು ಮಗಳೊಂದಿಗೆ ಇರುತ್ತಾಳೆ. ನನ್ನ ನಿರ್ಲಕ್ಷ್ಯದಿಂದ ಮಾವ ತೀರಿಕೊಂಡರೆಂದು ದೂರು ಕೊಟ್ಟಿರುವವಳು ಅವಳೇ.

ಕಳೆದ ವರ್ಷ ಮಾವನವರಿಗೆ ಗಂಟಲಿನಲ್ಲಿ ಗೆಡ್ಡೆಯಾಗಿ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದೆವು, ಡ್ರಿಪ್ಪಿನಲ್ಲಿ ಔಷಧಿ ಹಾಕಿಸಿದೆವು. ಗೆಡ್ಡೆ ಕರಗಿತು. ಆದರೆ ಹಲ್ಲುಗಳನ್ನು ಕೀಳಬೇಕಾಯಿತು, ಬಾಯಲ್ಲಿ ನೀರೂರುವುದು ನಿಂತಿತು, ನಾಲಿಗೆಗೆ ರುಚಿ ಹೋಯಿತು. ಏನು ಮಾಡಿ ಬಡಿಸಿದರೂ ಎರಡು ಚಮಚ ತಿಂದು ತಟ್ಟೆ ಸರಿಸುತ್ತಿದ್ದರು. ಸಿಹಿ, ಖಾರ ಎಲ್ಲ ಒಂದೇ, ಒದ್ದೆ ಕಾಗದ ಅಗಿದಂತಾಗುತ್ತದೆ ಎನ್ನುತ್ತಿದ್ದರು. ಅವರ ಅಂಗಿಗಳನ್ನು ಅವರೇ ಹೊಲಿದುಕೊಂಡಿದ್ದು. ಆ ಅಂಗಿಯೊಳಗೆ ಅವರು ದಿನೇ ದಿನೇ ಚಿಕ್ಕವರಾಗುವುದನ್ನು ನಾನು ನೋಡಿರುತ್ತೇನೆ.

ನಮ್ಮ ಕ್ಯಾಂಟೀನಿನಲ್ಲಿ ಬೆಳಗಿನ ಟೋಸ್ಟಿಗೆ ಸ್ಲೈಸ್ ಚೀಸ್ ಬಳಸುತ್ತೇವೆ. ಒಂದು ದಿನ ಹರಿದು ಅಂಟಿಕೊಂಡ ನಾಲ್ಕು ಸ್ಲೈಸುಗಳನ್ನು ಮೇಸ್ತ್ರಿಯನ್ನು ಕೇಳಿ ಮನೆಗೆ ತಂದೆ. ಆಲೂಗಡ್ಡೆ ಬೇಯಿಸಿ ಹಿಸುಕಿ, ಬಿಸಿಯಿರುವಾಗಲೇ ಒಂದು ಸ್ಲೈಸ್ ಹರಿದು ಹಾಕಿ, ಉಪ್ಪು ಹಾಕದೆ ಕಲಸಿ ಕೊಟ್ಟೆ. ಮಾವ ಒಂದು ಚಮಚ ಬಾಯಿಗಿಟ್ಟು ಸುಮ್ಮನೆ ಕುಳಿತರು. ಗಂಟಲಿಗೆ ಸಿಕ್ಕಿಕೊಂಡಿತೇನೋ ಎಂದು ನಾನು ಗಾಬರಿಯಾಗಿ ನೀರು ಹಿಡಿದೆ. ಅವರು ಲೋಟ ತಳ್ಳಿ, "ಉಪ್ಪು ಗೊತ್ತಾಗ್ತಾ ಇದೆ ಕಣಮ್ಮಾ," ಎಂದರು. ಆ ದಿನ ತಟ್ಟೆ ಖಾಲಿ ಮಾಡಿದರು.

ಅಲ್ಲಿಂದ ಮುಂದೆ ನಾನು ಅಂಗಡಿಯಿಂದ ಪ್ಯಾಕೆಟ್ ತರಲು ಶುರು ಮಾಡಿದೆ. ಸೂಪನ್ನು ಒಲೆಯಿಂದ ಇಳಿಸಿದ ಮೇಲೆ ಸ್ಲೈಸ್ ಹಾಕಿ ಕದಡಿದರೆ ಗಂಟಾಗದೆ ಕರಗುತ್ತದೆ, ಕುದಿಯುವಾಗ ಹಾಕಿದರೆ ಎಣ್ಣೆ ಬಿಡುತ್ತದೆ. ಆಮ್ಲೆಟ್ ಅರ್ಧ ಬೆಂದಾಗ ಮಧ್ಯದಲ್ಲಿಟ್ಟು ಮಡಚಬೇಕು. ಬ್ರೆಡ್ಡಿನ ಮೇಲಿಟ್ಟು ಉರಿ ಆರಿಸಿ ಮುಚ್ಚಳ ಮುಚ್ಚಿಟ್ಟರೆ ಸಾಕು. ಇವೆಲ್ಲ ಕೇಸಿಗೆ ಬೇಕಾಗಿಲ್ಲವೆಂದು ಹೆಡ್ ಕಾನ್‌ಸ್ಟೇಬಲ್‌ರವರು ಹೇಳಿದರು. ಸಬ್ ಇನ್‌ಸ್ಪೆಕ್ಟರ್‌ರವರು ಇರಲಿ, ಬರೆದುಕೊಳ್ಳಿ ಎಂದ ಮೇರೆಗೆ ತಿಳಿಸಿರುತ್ತೇನೆ. ಮಾವ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಸ್ಲೈಸನ್ನು ಬೆಳಕಿಗೆ ಹಿಡಿದು, ನಾಲ್ಕು ಅಂಚೂ ಹೇಗೆ ಕತ್ತರಿಸಿದ್ದಾರೆ ನೋಡು, ಇಂಥ ಕತ್ತರಿ ಸಿಕ್ಕಿದ್ದರೆ ನಾನು ಎಲ್ಲೋ ಇರುತ್ತಿದ್ದೆ ಎಂದು ತಮಾಷೆ ಮಾಡುತ್ತಿದ್ದರು.

ಈ ಚೀಸಿನ ಪ್ರತಿಯೊಂದು ಸ್ಲೈಸಿಗೂ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿರುತ್ತದೆ. ಹಾಳೆ ಎಷ್ಟು ತಿಳಿಯಾಗಿದೆಯೆಂದರೆ ಕಣ್ಣು ಚೆನ್ನಾಗಿರುವವರಿಗೂ ಓರೆ ಮಾಡಿ ನೋಡಿದರೆ ಮಾತ್ರ ಹೊಳೆಯುತ್ತದೆ. ಹಿಂದೆ ಒಂದು ಮಡಿಕೆ ಇರುತ್ತದೆ, ಅದನ್ನು ಉಗುರಿನಿಂದ ಎಬ್ಬಿಸಿ ಸುಲಿಯಬೇಕು. ಮಾವನವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಡ್ರಿಪ್ಪಿನ ಔಷಧಿಯಿಂದ ಅವರ ಬೆರಳುಗಳ ತುದಿ ಜೋಮು ಹಿಡಿದು ಹಾಗೆಯೇ ಉಳಿದುಬಿಟ್ಟಿತ್ತು. ಅಂಗಿಯ ಗುಂಡಿಯನ್ನು ನಾನೇ ಹಾಕುತ್ತಿದ್ದೆ. ಒಮ್ಮೆ ಹಳೆಯ ಬಟ್ಟೆಯ ಗಂಟು ಬಿಚ್ಚಿ ಒಂದೊಂದೇ ತುಂಡನ್ನು ಬೆರಳಲ್ಲಿ ಉಜ್ಜುತ್ತ ಕುಳಿತಿದ್ದರು. ಏನು ಮಾವ ಎಂದು ಕೇಳಿದ್ದಕ್ಕೆ, "ಹತ್ತಿ ಯಾವುದು, ರೇಷ್ಮೆ ಯಾವುದು ಗೊತ್ತಾಗ್ತಿಲ್ಲಮ್ಮ. ಕೈ ಸತ್ತೋಗಿದೆ. ಮಗಳಿಗೆ ಮಾತ್ರ ಹೇಳ್ಬೇಡ," ಎಂದರು. ಇನ್ನೆರಡು ತಿಂಗಳಲ್ಲಿ ಸರಿಹೋಗುತ್ತದೆ, ಅಷ್ಟರೊಳಗೆ ಅವಳ ತಲೆಗೇಕೆ ಹುಳ ಬಿಡುವುದು ಎಂಬುದು ಅವರ ಮಾತು. ನಾನು ಹೇಳಲಿಲ್ಲ. ನನ್ನ ಗಂಡನೂ ಹೇಳಲಿಲ್ಲ.

ಹಗಲು ನಾವಿಬ್ಬರೂ ಮನೆಯಲ್ಲಿರುವುದಿಲ್ಲ. ಆದ್ದರಿಂದ ನಾನು ಸ್ಲೈಸುಗಳ ಪ್ಲಾಸ್ಟಿಕ್ ಸುಲಿದು, ಒಂದಕ್ಕೊಂದು ಅಂಟದಂತೆ ನಡುವೆ ಬಟರ್ ಪೇಪರಿನ ಅಗಲವಾದ ಚೂರು ಇಟ್ಟು, ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ ಇಡುತ್ತಿದ್ದೆ. ಚೂರುಗಳು ಸ್ಲೈಸಿಗಿಂತ ದೊಡ್ಡವಾಗಿ ಹೊರಗೆ ಚಾಚಿಕೊಂಡಿರುತ್ತಿದ್ದರಿಂದ ಅವರಿಗೆ ಎತ್ತಿ ತೆಗೆಯಲು ಕಷ್ಟವಾಗುತ್ತಿರಲಿಲ್ಲ. ಹಸಿವಾದಾಗ ಅವರು ಫ್ಲಾಸ್ಕಿನ ಹಾಲಿನಲ್ಲಿ ಬ್ರೆಡ್ ನೆನೆಸಿ, ನಡುವೆ ಸ್ಲೈಸ್ ಇಟ್ಟು ಮಡಚಿ, ಅಗಿಯದೆ ನುಂಗುತ್ತಿದ್ದರು. ಡಬ್ಬಿಯಲ್ಲಿ ಇರುವುದನ್ನು ನೋಡದೆ ತಿನ್ನಬಹುದು ಎಂದು ನಾನೇ ಅವರಿಗೆ ಹೇಳಿಕೊಟ್ಟಿದ್ದು.

ಹೀಗಿರುವಲ್ಲಿ ಕಳೆದ ಮಂಗಳವಾರ ಬೆಳಿಗ್ಗೆ ಆರೂವರೆಗೆ ನಾನು ಕೆಲಸಕ್ಕೆ ಹೋದೆ. ಗಂಡ ಅದಕ್ಕೂ ಮೊದಲೇ ಡಿಪೋಗೆ ಹೋಗಿದ್ದರು. ಮಾವ ಹಾಸಿಗೆಯಲ್ಲಿ ಎದ್ದು ಕುಳಿತಿದ್ದರು, ಬರುವಾಗ ಸೂಜಿ ತರಬೇಕೆಂದರು. ಯಾವ ನಂಬರ್ ಎಂದು ಕೇಳಿದೆ. ದೊಡ್ಡ ಕಣ್ಣಿನದು ಎಂದರು.

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಮನೆಗೆ ಬಂದೆ. ರೇಡಿಯೋ ಹಾಡುತ್ತಿತ್ತು. ಮಾವ ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಒಂದು ಕೈ ಕೊರಳಿನ ಟೇಪನ್ನು ಹಿಡಿದಿತ್ತು. ಪಕ್ಕದಲ್ಲಿ ತಟ್ಟೆ, ಅದರಲ್ಲಿ ನೆನೆದ ಬ್ರೆಡ್ಡಿನ ಉಳಿದ ಭಾಗ. ಮುಖ ನೀಲಿಯಾಗಿತ್ತು. ನಾನು ಕೂಗಿಕೊಂಡ ಸದ್ದಿಗೆ ಕೆಳಗಿನ ಇಸ್ತ್ರಿ ಅಂಗಡಿಯವರು ಓಡಿ ಬಂದು ಅವರನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿದರು. ಆಟೋದಲ್ಲಿ ಹೆಚ್ಚೆಂದರೆ ಒಂದು ಕಿಲೋಮೀಟರ್ ದೂರದ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ನಾನು ಅವರ ಬೆನ್ನು ಗುದ್ದುತ್ತಲೇ ಇದ್ದೆ. ಇಸ್ತ್ರಿಯವರು ಸಾಕು ಬಿಡಿ ಅಕ್ಕ ಎಂದರು.

ಜೀವ ಹೋಗಿ ಬಹಳ ಹೊತ್ತಾಗಿದೆ ಎಂದು ಡಾಕ್ಟರ್ ತಿಳಿಸಿದರು. ಗಂಟಲಿನಿಂದ ಇಕ್ಕಳದಲ್ಲಿ ಎಳೆದದ್ದನ್ನು ಟ್ರೇಗೆ ಹಾಕಿದರು. ಅದು ಸ್ಲೈಸ್ ಚೀಸಿನ ಪ್ಲಾಸ್ಟಿಕ್ ಹಾಳೆ. ಚೀಸು ಇನ್ನೂ ಅದರೊಳಗೇ ಇತ್ತು. ಮಡಿಕೆ ಬಿಚ್ಚಿರಲಿಲ್ಲ.

ಅಷ್ಟರಲ್ಲಿ ಗಂಡನೂ ನಾದಿನಿಯೂ ಬಂದರು. ನಾದಿನಿ ಟ್ರೇ ನೋಡಿದಳು. "ಪ್ಲಾಸ್ಟಿಕ್ ಸುಲಿಯೋಕೂ ನಿಂಗೆ ಬೇಜಾರಾಯ್ತಾ ಅತ್ತಿಗೆ? ನಮ್ಮಪ್ಪ ಅಷ್ಟು ಭಾರ ಆಗಿದ್ರಾ ನಿಂಗೆ?" ಎಂದು ಎಲ್ಲರೆದುರು ಕೇಳಿದಳು. ನಾನು ಸುಲಿದೇ ಇಟ್ಟಿದ್ದೆ ಎಂಬುದು ನನಗೆ ಗೊತ್ತಿತ್ತು. ಸುಲಿಯದ್ದು ಎಲ್ಲಿಂದ ಬಂತೆಂಬುದು ಗೊತ್ತಿರಲಿಲ್ಲ. ನಾದಿನಿ ಅಂದು ಸಂಜೆಯೇ ಠಾಣೆಗೆ ಬಂದು ದೂರು ಕೊಟ್ಟಿರುತ್ತಾಳೆ.

ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ನಾನು ಫ್ರಿಜ್ ತೆರೆದೆ. ಸದರಿ ಡಬ್ಬಿ ಅದರ ಜಾಗದಲ್ಲಿಯೇ ಇತ್ತು. ಒಳಗೆ ಪ್ಲಾಸ್ಟಿಕ್ ಸಮೇತವಾದ ಹೊಸ ಸ್ಲೈಸುಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸಲಾಗಿತ್ತು. ಸಿಂಕಿನ ಕೆಳಗಿನ ಕಸದ ಬುಟ್ಟಿಯಲ್ಲಿ ನಾನು ಸುಲಿದಿಟ್ಟಿದ್ದ ಸ್ಲೈಸುಗಳೂ ಬಟರ್ ಪೇಪರ್ ಚೂರುಗಳೂ ಪೇಪರಿನಲ್ಲಿ ಸುತ್ತಿ ಬಿದ್ದಿದ್ದವು. ಸುಲಿದಿಟ್ಟರೆ ಎರಡು ಮೂರು ದಿನಕ್ಕೆ ಅಂಚು ಒಣಗಿ ಗಟ್ಟಿಯಾಗುತ್ತದೆ, ನೋಡಿದವರಿಗೆ ಕೆಟ್ಟುಹೋದಂತೆ ಕಾಣುತ್ತದೆ. ಫ್ರಿಜ್ಜಿನ ಶೆಲ್ಫುಗಳನ್ನೂ ಯಾರೋ ಒರೆಸಿದ್ದರು. ಮಂಗಳವಾರ ಹನ್ನೊಂದರಿಂದ ಹನ್ನೆರಡರವರೆಗೆ ಅಪ್ಪನ ಜೊತೆಗಿದ್ದೆ ಎಂದು ನಾದಿನಿ ಆಸ್ಪತ್ರೆಯಲ್ಲಿ ಹೇಳಿದ್ದು ಆಗ ನನಗೆ ನೆನಪಾಯಿತು.

ನಾನು ಗಂಡನನ್ನು ಕರೆದು ತೋರಿಸಿದೆ. ಅವರು ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತರು. ಅಪ್ಪ ತಾವಾಗಿಯೇ ಫ್ರಿಜ್ಜಿನಿಂದ ತೆಗೆದು ತಿನ್ನುತ್ತಾರೆಂಬುದು ತಂಗಿಗೆ ತಿಳಿದಿಲ್ಲ, ಚಿಕ್ಕಂದಿನಿಂದ ಅವರು ಅಡುಗೆಮನೆಗೆ ಕಾಲಿಟ್ಟಿದ್ದನ್ನೇ ಅವಳು ನೋಡಿಲ್ಲ, ನೀನು ತಟ್ಟೆಗೆ ಹಾಕಿಟ್ಟು ಹೋಗಿದ್ದೆ ಎಂದೇ ತಿಳಿದಿದ್ದಾಳೆ ಎಂದರು. ಆಮೇಲೆ, "ನೀನೇ ಮರೆತು ಹಾಗೇ ಇಟ್ಟೆ ಅಂದ್ಬಿಡು. ಅಪ್ಪ ಅಂತೂ ಹೋದ್ರು. ಇದು ಗೊತ್ತಾದ್ರೆ ಅವಳು ಬದುಕೋದಿಲ್ಲ. ನೀನು ಗಟ್ಟಿ ಇದೀಯ, ತಡ್ಕೋತೀಯ," ಎಂದರು. ಹದಿನೇಳು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹೊಗಳಿದ್ದು ಕಡಿಮೆ. ನಾನು ಆಗಲಿ ಎಂದೆ.

ಇಂದು ನಾನು ಠಾಣೆಗೆ ಬಂದದ್ದು ಹಾಗೆಯೇ ಹೇಳಲೆಂದು. ಅದನ್ನೂ ಮರೆಮಾಚದೆ ಬರೆಸುತ್ತಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ಸಬ್ ಇನ್‌ಸ್ಪೆಕ್ಟರ್‌ರವರು ಹೊರಗೆ ಬೆಂಚಿನ ಮೇಲೆ ನನ್ನ ಗಂಡನೊಂದಿಗೆ ಕುಳಿತಿದ್ದ ನಾದಿನಿಯನ್ನು ಒಳಗೆ ಕರೆದು, ಮಂಗಳವಾರ ಆ ಒಂದು ಗಂಟೆ ಏನೇನು ಮಾಡಿದಿರಿ ಎಂದು ಕೇಳಿದರು. ಅವಳು ನನ್ನ ಕಡೆ ನೋಡದೆ ಉತ್ತರ ಕೊಟ್ಟಳು. ಅಪ್ಪನಿಗೆ ತಲೆ ಬಾಚಿದೆ, ಹಾಸಿಗೆ ಕೊಡವಿದೆ, ಫ್ರಿಜ್ ಒರೆಸಿದೆ ಎಂದಳು.

"ಡಬ್ಬಿಲಿದ್ದ ಚೀಸು ಒಣಗಿ ಚಕ್ಕೆ ಆಗಿತ್ತು ಸಾರ್. ಇಂಥದ್ದನ್ನ ನಮ್ಮಪ್ಪನಿಗೆ ತಿನ್ನಿಸ್ತಾರಲ್ಲ ಅಂತ ಹೊಟ್ಟೆ ಉರೀತು. ಬಿಸಾಕಿ, ನಾನು ತಂದಿದ್ದ ಹೊಸ ಪ್ಯಾಕೆಟ್ ಹಾಕಿಟ್ಟೆ."

ಪ್ಲಾಸ್ಟಿಕ್ ಸಮೇತವೇ ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು.

"ಹೌದು ಸಾರ್, ಹಾಗಿದ್ರೆ ಒಣಗಲ್ಲ. ಕೊಡುವಾಗ ಅತ್ತಿಗೆ ಸುಲಿದು..."

ಅವಳು ಅಲ್ಲಿಗೆ ನಿಲ್ಲಿಸಿದಳು. ಮಂಗಳವಾರ ಹನ್ನೆರಡರ ನಂತರ ನಾನು ಮನೆಗೆ ಬಂದದ್ದು ಮೂರು ದಾಟಿದ ಮೇಲೆ ಎಂಬುದು ಅವಳೇ ಕೊಟ್ಟ ದೂರಿನಲ್ಲಿದೆ. ಅವಳು ನನ್ನ ಕಡೆ ತಿರುಗಿ, "ಅಪ್ಪಾನೇ ತಗೋತಿದ್ರಾ?" ಎಂದು ಕೇಳಿದಳು. "ಕೈಗೆ ಗೊತ್ತಾಗಲ್ವಾ ಅತ್ತಿಗೆ? ಬಟ್ಟೆ ಮುಟ್ಟಿ ನೂಲಿನ ನಂಬರ್ ಹೇಳೋ ಕೈ ಅದು. ಪ್ಲಾಸ್ಟಿಕ್ ಗೊತ್ತಾಗಲ್ವಾ?" ಎಂದಳು. ಆಗ ನಾನು ಬೆರಳಿನ ವಿಚಾರ ಹೇಳಿದೆ. ಹೇಳಬೇಡ ಎಂದಿದ್ದವರು ಇಲ್ಲವಾದ್ದರಿಂದ ಹೇಳಿದೆ.

"ಮಂಗಳವಾರ ಮಗಳ ಫ್ರಾಕಿಗೆ ಬಟ್ಟೆ ಕೊಟ್ಟೆನಲ್ಲ. ಹೊಲಿದಿಡ್ತೀನಿ, ಭಾನುವಾರ ಬಾ ಅಂದ್ರಲ್ಲ," ಎಂದಳು. ಇದನ್ನು ಸಬ್ ಇನ್‌ಸ್ಪೆಕ್ಟರ್‌ರವರಿಗೆ ಹೇಳಿದಳೋ ನನಗೆ ಹೇಳಿದಳೋ ತಿಳಿಯಲಿಲ್ಲ. ಕುರ್ಚಿಯಿಂದ ಜಾರಿ ನೆಲಕ್ಕೆ ಕುಳಿತಳು. ನಾನು ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು. ಮತ್ತೆ ಹಿಡಿದೆ. ಮತ್ತೆ ಬಿಡಿಸಿಕೊಂಡಳು. ಸದ್ದು ಕೇಳಿ ಒಳಗೆ ಬಂದ ನನ್ನ ಗಂಡ ತಂಗಿಯನ್ನು ಎಬ್ಬಿಸಿ ಹೆಗಲಿಗೆ ಒರಗಿಸಿಕೊಂಡರು. ಬಾಗಿಲ ಹತ್ತಿರ ನಿಂತು, "ಒಂದು ಮಾತು ಕೇಳಿಕೊಂಡಿದ್ದೆ ನಿನ್ನ," ಎಂದರು. ನಾನಾಗಿ ಏನೂ ಹೇಳಿಲ್ಲವೆಂದು ತಿಳಿಸಲು ಹೋಗುವಷ್ಟರಲ್ಲಿ ಅವರು ಅವಳನ್ನು ಕರೆದುಕೊಂಡು ಹೊರಟುಹೋದರು.

ನಾದಿನಿ ಆ ಚೀಸು ತಂದದ್ದು ಅಪ್ಪನ ಮೇಲಿನ ಪ್ರೀತಿಯಿಂದ. ಅವಳ ಮೇಲೆ ನನ್ನ ಯಾವ ದೂರೂ ಇಲ್ಲ. ಅವಳ ಹೆಸರಿಲ್ಲದಂತೆ ಈ ಹೇಳಿಕೆಯನ್ನು ಮುಗಿಸಲು ಆಗುತ್ತದೆಯೇ ಎಂದು ಸಬ್ ಇನ್‌ಸ್ಪೆಕ್ಟರ್‌ರವರನ್ನು ಕೇಳಿಕೊಂಡೆ. ಆಗುವುದಿಲ್ಲ, ಅವರ ಬಾಯಿಂದಲೇ ಬಂದಿದೆ, ಬರೆಯಲೇಬೇಕು ಎಂದರು. ಹಾಗಾದರೆ ಅವಳಿಗೆ ಬೆರಳಿನ ವಿಚಾರ ತಿಳಿದಿರಲಿಲ್ಲ ಎಂಬುದನ್ನು ಎರಡು ಸಲ ಬರೆಯಿರಿ ಎಂದೆ. ಒಂದು ಸಲ ಬರೆದರೆ ಸಾಕು ಎಂದರು. ಅವಳಿಗೆ ತಿಳಿದಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್‌ರವರು ಇದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ. ಪಕ್ಕದಲ್ಲಿ ಸಾಕ್ಷಿ ಸಹಿಗೆ ಮನೆಯವರು ಯಾರಾದರೂ ಬೇಕೆಂದರು. ಫೋನ್ ಮಾಡಿದೆ. ಗಂಡ ತೆಗೆಯಲಿಲ್ಲ. ಒಂದು ಗಂಟೆ ಕಾದ ನಂತರ ಇಸ್ತ್ರಿ ಅಂಗಡಿಯವರನ್ನು ಕರೆಸಲಾಯಿತು. ಮನೆಗೆ ಬೀಗ ಬಿದ್ದಿದೆ, ನಿಮ್ಮ ಯಜಮಾನರು ನಿಮ್ಮ ಬಟ್ಟೆಯ ಚೀಲವನ್ನು ನನ್ನ ಅಂಗಡಿಯಲ್ಲಿ ಇಟ್ಟು ಹೋಗಿದ್ದಾರೆ ಎಂದು ಅವರು ತಿಳಿಸಿದರು.

ಸ್ಥಳ: ಠಾಣೆ
ದಿನ: ಶುಕ್ರವಾರ, ಸಂಜೆ
ಹೇಳಿಕೆ ಕೊಟ್ಟವರ ಸಹಿ: (ಸಹಿ ಇದೆ)
ಮನೆಯವರ ಪರವಾಗಿ: ಇಸ್ತ್ರಿ ಅಂಗಡಿಯವರು (ಎಡಗೈ ಹೆಬ್ಬೆಟ್ಟು)