ಕಂಬಳಿಯ ಮೇಲೆ ಖಾಲಿ ಜಾಗ

ಅಧ್ಯಕ್ಷ ಸ್ಥಾನದಲ್ಲಿರುವ ಊರಗೌಡರೇ, ಕಂಬಂ ಪಟ್ಟಣದಿಂದ ಬಿಸಿಲಲ್ಲಿ ನಡೆದು ಬಂದ ಅತಿಥಿಗಳೇ, ಕಂಬಳಿಯ ಮೇಲೆ ಕುಳಿತ ಹಿರಿಯರೇ, ಕಂಬಳಿಯಾಚೆ ನಿಂತ ಸಭಿಕರೇ,

ಈ ಮುದುಕನಿಗೆ ಮಾಲೆ ಹಾಕಿದಿರಿ. ಕಿವಿ ಮಂದವಾದ್ದರಿಂದ ಹೊಗಳಿಕೆ ಅರ್ಧವೇ ಕೇಳಿಸಿತು. ಉಳಿದರ್ಧ ಇನ್ನೂ ದೊಡ್ಡದಿತ್ತೆಂದು ನಂಬಿಕೊಳ್ಳುತ್ತೇನೆ. ವಯಸ್ಸಾಯಿತು, ಇಂದು ನಾನು ಪಂಚಾಯಿತಿ ಕೂರುವ ಈ ಕಂಬಳಿಯಿಂದ ಕೊನೆಯ ಸಲ ಏಳುತ್ತಿದ್ದೇನೆ. ಮಗ ಹೋದ ವರ್ಷ ತೀರಿಕೊಂಡ. ಮನೆಗೊಬ್ಬ ಗಂಡಸು ಕಂಬಳಿಯ ಮೇಲೆ ಕೂರಬೇಕು, ಇಲ್ಲವಾದರೆ ಪಂಚಾಯಿತಿಯಲ್ಲಿ ಆ ಮನೆಗೆ ಮಾತಿಲ್ಲ ಎಂಬುದು ನಮ್ಮ ಕಟ್ಟಳೆ. ಹಾಗಾಗಿ ಒಂಬತ್ತು ವರ್ಷದ ಮೊಮ್ಮಗ ಆಂಡಿಗೆ ಪೇಟ ಸುತ್ತಿಸಿ ಕರೆತಂದಿದ್ದೀರಿ.

ನನ್ನನ್ನೂ ಅದೇ ವಯಸ್ಸಿಗೆ ಕೂರಿಸಿದ್ದರು, ನಿಮ್ಮ ಅಜ್ಜಂದಿರು. ನಾನೇನು ಮಾಡಿದೆ? ತೂಕಡಿಸಿದೆ. ಬಂಡೆಯ ಮೇಲೆ ಬಾವಿ ತೋಡುವ ಮಾತು ಬಂತು. ಎಲ್ಲರೂ ಒಪ್ಪಬೇಕಿತ್ತು, ಉಳಿದವನು ನಾನೊಬ್ಬ. ನನ್ನ ತಲೆ ವಾಲಿತು. ಒಪ್ಪಿಗೆ ಎಂದುಕೊಂಡರು! ಆ ಬಾವಿಯಲ್ಲಿ ಇವತ್ತಿಗೂ ನೀರಿಲ್ಲ. ನಗಿ, ನಾನೂ ನಗುತ್ತೇನೆ.

ಆದರೆ ಕಂಬಳಿ ಏರಿದ ಮರುದಿನದ ಮಾತನ್ನು ಯಾರಿಗೂ ಹೇಳಿಲ್ಲ. ಚಿನ್ನಿದಾಂಡು ಆಡಲು ಓಡಿದೆ. ಜೊತೆಗಾರ ಅಳಗರ್ ಆಟ ನಿಲ್ಲಿಸಿ ಕೈಕಟ್ಟಿ ನಿಂತ. "ನೀವು ಕಂಬ್ಳಿ ಮ್ಯಾಲ ಕುಂತೋರು, ಅಯ್ಯಾ. ನಮ್ಮ ಕೂಡ ಆಡಕೂಡದು" ಅಂದ. ಹಿಂದಿನ ದಿನದವರೆಗೂ "ಲೇ ಗುರುಸಾಮಿ" ಅನ್ನುತ್ತಿದ್ದವನು! ಹಿರಿಯರು ನನ್ನ ತಲೆಯ ಮೇಲಿಂದಲೇ ಮಾತಾಡಿಕೊಂಡರು, ಹುಡುಗರು ನನ್ನನ್ನು ಕಂಡೊಡನೆ ಮಾತು ನಿಲ್ಲಿಸಿದರು. ನಾನು ಯಾರೊಡನೆ ಮಾತಾಡಬೇಕಿತ್ತು? ಎತ್ತುಗಳೊಡನೆ ಮಾತಾಡಿದೆ. ಒಂಟಿಯಾಗಿದ್ದೆ, ಸಭಿಕರೇ. ಇವತ್ತಿಗೂ ಒಂಟಿಯೇ.

ಆಸ್ತಿ ಕೈಗೆ ಬರಲು ಹದಿನೆಂಟು ತುಂಬಬೇಕೆಂದು ಸರ್ಕಾರವೇ ಹೇಳುತ್ತದೆ. ಊರಿನ ನ್ಯಾಯ ಆಸ್ತಿಗಿಂತ ಹಗುರವೇ? ಬೆಳಿಗ್ಗೆ ಸೊಸೆ ಓಚ್ಚಮ್ಮಾಳ್ ಪೇಟ ಸುತ್ತುತ್ತಾ, "ಕೂಸು ಮಾಮಾ ಇದು" ಎಂದಳು. ಆಂಡಿಗೆ ಹದಿನೆಂಟಾಗುವವರೆಗೆ ನನ್ನ ಜಾಗ ಖಾಲಿ ಇರಲಿ. ಅಲ್ಲಿಯವರೆಗೆ ನಮ್ಮ ಮನೆಗೆ ಮಾತಿಲ್ಲದಿದ್ದರೂ ಸರಿ.

ಆಂಡಿ, ಪೇಟ ಇಲ್ಲಿ ಕೊಡು. ಹೊರಗೆ ಹುಡುಗರು ನಿನ್ನನ್ನು "ಲೇ" ಎಂದು ಕೂಗುತ್ತಿದ್ದಾರೆ, ನನ್ನ ಮಂದ ಕಿವಿಗೂ ಕೇಳಿಸುತ್ತಿದೆ. ಓಡು.

ಮಾಲೆ ಹಾಕಿದ ಕೈಗಳಿಗೆಲ್ಲ ನನ್ನ ವಂದನೆ. ಅಳಗರ್ ಅಲ್ಲೇ ಎದುರಿಗೆ ಕೈಕಟ್ಟಿ ನಿಂತಿದ್ದಾನೆ. ಅಳಗಾ, ನಾನೀಗ ಕಂಬಳಿಯ ಮೇಲಿಲ್ಲ ಕಣೋ. ಇನ್ನಾದರೂ ಹೆಸರು ಹಿಡಿದು ಕರೆ.

ಎಲ್ಲರಿಗೂ ನಮಸ್ಕಾರ.