ಹತ್ತು ನಿಮಿಷದ ಕಾವು

ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ರೇಡಿಯೊ ರಿಪೇರಿಯವನ ಕಿವಿ ಪಕ್ಕದ ಅಕ್ಕತಂಗಿಯರ ಕಡೆ ನೆಟ್ಟಿತ್ತು. ತಂಗಿಯ ಕೈ ಸುಟ್ಟು ಬೊಬ್ಬೆ ಎದ್ದಿತ್ತು.

“ಸೋಲ್ಡರಿಂಗ್ ಕಲೀತಿದ್ದೆ, ಬೆಸುಗೆ ಹಾಕೋ ಐರನ್ನಿನ ಕಾದ ತುದಿ ಹಿಡಿದ್ಬಿಟ್ಟೆ ಅಂತ ಡಾಕ್ಟರಿಗೆ ಹೇಳೇ,” ಎಂದಳು ಅಕ್ಕ.

“ಕಲಿಯೋರಿಗೆ ಸುಡೋದು ಬೆರಳು ಕಣಕ್ಕ. ಇದು ಸುಟ್ಟಿರೋದು ಅಂಗೈ ಹಿಂಬದಿ.”

ರಿಪೇರಿಯವನು ಕಲೆಗಟ್ಟಿದ ತನ್ನ ಬೆರಳುಗಳನ್ನು ಮಡಚಿಕೊಂಡ.

“ಗಂಡನ ರೇಡಿಯೊಗೆ ಯಾಕೆ ಕೈ ಹಾಕಿದೆ?”

“ಅವರ ಕೈಲಿ ಆಗ್ಲಿಲ್ಲ, ನಾನು ರಿಪೇರಿ ಮಾಡ್ದೆ. ಅದು ಹಾಡಿದ್ದೇ ತಡ, ಐರನ್ ಕಿತ್ಕೊಂಡು ಕೈಗೆ ಒತ್ತಿದ್ರು.”

“ಅವನ ಕೈ ಸೇದ್ಹೋಗ! ಈಗೆಲ್ಲಿದ್ದಾನೆ?”

“ಒಳಗೆ. ಕುತ್ತಿಗೆಗೆ ಬ್ಯಾಂಡೇಜ್ ಹಾಕ್ತಿದ್ದಾರೆ.”

“ಅಯ್ಯೋ, ಏನೇ ಮಾಡ್ದೆ?”

ನರ್ಸ್ ಕರೆದಳು. ತಂಗಿ ಎದ್ದು ನಡೆಯುತ್ತಲೇ ಹೇಳಿದಳು:

“ಪ್ಲಗ್ ಕಿತ್ತು, ಐರನ್ ಬಿಸಾಕಿ, ಬೆನ್ನು ತಿರುಗಿಸಿದ. ಕಿತ್ತ ಮೇಲೂ ಹತ್ತು ನಿಮಿಷ ಅದು ಆರಲ್ಲ ಅಂತ ಅವನಿಗೆ ಗೊತ್ತಿರ್ಲಿಲ್ಲ ಅಕ್ಕ. ನಂಗೆ ಗೊತ್ತಿತ್ತು.”